ಆಲೂಗೆಡ್ಡೆಯ ಬೆಳೆರಕ್ಷಣೆ ಮತ್ತು ಉಣ್ಣುವವರ ಆರೋಗ್ಯ

ಪರೇಲಿನ ಆಚಾರ್ಯ ದೋಂದೆ ಮಾರ್ಗದಲ್ಲಿ ನಡೆದು ಹೋಗುವವರಿಗೆ ಕೆ. ಇ. ಎಂ. ಆಸ್ಪತ್ರೆ, ವಾಡಿಯಾ ಆಸ್ಪತ್ರೆಗಳು ಮತ್ತು ಹಾಫ್‌ಕಿನ್ ಸಂಸ್ಥೆಯ ಹಳೆಯ ಕಟ್ಟಡ ಚಿರಪರಿಚಿತ. 1896ರಲ್ಲಿ ಮುಂಬಯಿ ಬಂದರಿನ ಮಾಂಡವಿ ಭಾಗದಲ್ಲಿ ಪ್ಲೇಗು ಕಾಣಿಸಿಕೊಂಡಾಗ ಅದಕ್ಕೆ ಲಸಿಕೆಯನ್ನು ಸಿದ್ಧಪಡಿಸಿದ ವಾಲ್ಡೆಮಾರ್ ಹಾಫ್‌ಕಿನ್ 1897ರ ಜನವರಿ 10ರಂದು ಅದನ್ನು ಮೊದಲು ತನ್ನ ಮೈಮೇಲೆಯೇ ಪ್ರಯೋಗಿಸಿಕೊಂಡನು. 1899ರಲ್ಲಿ ಆತನ ಪ್ರಯೋಗಾಲಯವು ಪರೇಲಿನ ಹಳೆಯ ಗವರ್ನರ್ ನಿವಾಸಕ್ಕೆ ಬಂದಿತು. ರೋಗ ಬಂದ ಮೇಲೆ ಪರದಾಡುವುದಕ್ಕಿಂತ ಅದು ಬಾರದಂತೆ ತಡೆಯುವುದೇ ಮೇಲು ಎಂಬ ಪಾಠವನ್ನು ಆ ಕಟ್ಟಡವು ಇಂದಿಗೂ ನೆನಪಿಸುತ್ತದೆ.

ಮನುಷ್ಯನಿಗೆ ಅನ್ವಯಿಸುವ ಈ ಪಾಠ ಅವನು ಉಣ್ಣುವ ಬೆಳೆಗೂ ಅನ್ವಯಿಸುತ್ತದೆ. ಪ್ಲೇಗಿನ ತರುವಾಯ ಹತ್ತು ವರ್ಷಗಳೊಳಗೆ, 1906ರ ಸುಮಾರಿಗೆ, ಇಟಲಿಯಿಂದ ತರಿಸಿದ ಬಿತ್ತನೆಯ ಆಲೂಗೆಡ್ಡೆಯ ಜೊತೆಗೆ ಮುಂಬಯಿ ಪ್ರಾಂತ್ಯಕ್ಕೆ ಇನ್ನೊಬ್ಬ ಕರೆಯದ ಅತಿಥಿಯ ಆಗಮನವಾಯಿತು. ಅದೇ ಗೆಡ್ಡೆ ಕೊರೆಯುವ ಪತಂಗ. ಅದು ಪುಣೆಯ ಹೊಲಗಳನ್ನು ಹಿಡಿದು, ಕ್ರಮೇಣ ದಖ್ಖನ್ನಿನ ಇತರ ಭಾಗಗಳಿಗೂ ಕರ್ನಾಟಕಕ್ಕೂ ಹರಡಿತು. ಒಂದು ಸಣ್ಣ ಅಲಕ್ಷ್ಯದ ದಂಡವನ್ನು ರೈತರು ಇಂದಿಗೂ ತೆರುತ್ತಿದ್ದಾರೆ.

ಮುಂಬಯಿಯ ಕನ್ನಡಿಗರಿಗೂ ಆಲೂಗೆಡ್ಡೆಗೂ ಇರುವ ನಂಟು ಬಿಡಿಸಿ ಹೇಳಬೇಕಾದುದಿಲ್ಲ. ಉಡುಪಿ ಹೋಟೆಲುಗಳ ಮಸಾಲೆ ದೋಸೆಯ ಪಲ್ಯ, ಗಿರಣಿ ಕಾರ್ಮಿಕರ ಹಸಿವು ತಣಿಸಿದ ಬಟಾಟೆ ವಡೆ, ಪೂರಿಯೊಡನೆ ಬಡಿಸುವ ಬಾಜಿ, ಇವೆಲ್ಲಕ್ಕೂ ಈ ಗೆಡ್ಡೆಯೇ ಆಧಾರ. ಮರಾಠಿಯ ‘ಬಟಾಟಾ’ ಮತ್ತು ಕರಾವಳಿಯ ‘ಬಟಾಟೆ’ ಎರಡೂ ಪೋರ್ತುಗೀಸರ ಬಳುವಳಿ. ಇಂತಹ ನಿತ್ಯದ ಆಹಾರವನ್ನು ಕೀಟ, ಕಳೆ ಹಾಗೂ ರೋಗಗಳಿಂದ ಕಾಪಾಡುವಾಗ ಮಣ್ಣು, ನೀರು, ದುಡಿಯುವವನ ದೇಹ ಮತ್ತು ಉಣ್ಣುವವನ ಹೊಟ್ಟೆ ಕೆಡದಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ವಿಷದ ಬೆಲೆ

ಎರಡನೆಯ ಮಹಾಯುದ್ಧದ ಬಳಿಕ ಡಿ.ಡಿ.ಟಿ., ಪ್ಯಾರಾಥಿಯಾನ್ ಮೊದಲಾದ ಕೀಟನಾಶಕಗಳು ಬಳಕೆಗೆ ಬಂದಾಗ ರೈತನ ಕಷ್ಟವೆಲ್ಲ ಮುಗಿಯಿತೆಂದೇ ಜನ ಭಾವಿಸಿದರು. ಆದರೆ 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಬೆರೆತ ಆಹಾರವನ್ನು ತಿಂದು ನೂರಕ್ಕೂ ಹೆಚ್ಚು ಮಂದಿ ಅಸುನೀಗಿದರು. ಆ ದುರಂತದ ಪರಿಣಾಮವಾಗಿ 1968ರ ಕೀಟನಾಶಕ ಕಾಯಿದೆ ರೂಪುಗೊಂಡಿತು. ಕಾಸರಗೋಡಿನ ಗೇರು ತೋಟಗಳ ಮೇಲೆ ಎಂಡೋಸಲ್ಫಾನನ್ನು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ಎಣ್ಮಕಜೆ, ಪಡ್ರೆ, ಸ್ವರ್ಗ ಮುಂತಾದ ಊರುಗಳ ಮನೆಗಳಲ್ಲಿ ಅಂಗವೈಕಲ್ಯ ಮತ್ತು ನರರೋಗಗಳಿಂದ ನರಳುವ ಮಕ್ಕಳ ಕಥೆಯನ್ನು ಈ ನಗರದಲ್ಲಿರುವ ಗಡಿನಾಡ ಕನ್ನಡಿಗರು ಬಲ್ಲರು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಗಳಲ್ಲಿಯೂ ಇದೇ ವೇದನೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎಂಡೋಸಲ್ಫಾನಿಗೆ ತಡೆಯೊಡ್ಡಿತು.

ಆಲೂಗೆಡ್ಡೆಯ ಹೊಲವೂ ಈ ಮಾತಿಗೆ ಹೊರತಲ್ಲ. ಬಿತ್ತನೆಯ ಸಾಲಿಗೆ ಫೋರೇಟ್ ಹರಳುಗಳನ್ನು ಸುರಿಯುವುದು ಬಹುಕಾಲ ರೂಢಿಯಲ್ಲಿತ್ತು. ಇದು ಗಿಡದ ಬೇರಿನ ಮೂಲಕ ಮೇಲೇರುವ ಉಗ್ರವಾದ ಅಂತರ್ವ್ಯಾಪಿ ವಿಷ. 2018ರ ಆಜ್ಞೆಯ ಮೇರೆಗೆ 2020ರ ಡಿಸೆಂಬರ್ 31ರಿಂದ ಭಾರತದಲ್ಲಿ ಇದರ ಬಳಕೆಯನ್ನು ನಿಷೇಧಿಸಲಾಗಿದೆ. ಹಿಂದೆ ‘ಅನಿವಾರ್ಯ’ ಎನಿಸಿಕೊಂಡಿದ್ದುದು ಇಂದು ನಿಷಿದ್ಧವಾಗಿದೆ. ಆದರೂ ಬೆಳೆ ಬೆಳೆಯುತ್ತಲೇ ಇದೆ. ವಿಷವೊಂದೇ ದಾರಿಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಮೊದಲ ರಕ್ಷಣೆ: ಬಿತ್ತನೆಯ ಗೆಡ್ಡೆ

ಆಲೂಗೆಡ್ಡೆಯನ್ನು ಬೀಜದಿಂದಲ್ಲ, ಗೆಡ್ಡೆಯಿಂದಲೇ ಬೆಳೆಯುವುದು ವಾಡಿಕೆ. ಆದುದರಿಂದ ತಾಯಿಗೆಡ್ಡೆಯಲ್ಲಿ ಅಡಗಿರುವ ನಂಜುರೋಗ, ದುಂಡಾಣು ಮತ್ತು ಶಿಲೀಂಧ್ರಗಳು ನೇರವಾಗಿ ಮುಂದಿನ ಬೆಳೆಗೆ ದಾಟುತ್ತವೆ. ಎಲೆ ಮುದುರುವ ನಂಜುರೋಗವನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಸಸ್ಯಹೇನು. ನಂಜು ಹೊಕ್ಕ ಗಿಡಕ್ಕೆ ಹೊಲದಲ್ಲಿ ಯಾವ ಔಷಧಿಯೂ ಇಲ್ಲ.

ಈ ಸಮಸ್ಯೆಗೆ ಭಾರತೀಯ ವಿಜ್ಞಾನಿಗಳು ಕಂಡುಹಿಡಿದ ಪರಿಹಾರ ಬಹಳ ಸರಳ ಹಾಗೂ ಜಾಣ್ಮೆಯದು. 1949ರಲ್ಲಿ ಪಾಟ್ನಾದಲ್ಲಿ ಆರಂಭವಾಗಿ 1956ರಲ್ಲಿ ಶಿಮ್ಲಾಕ್ಕೆ ಸ್ಥಳಾಂತರಗೊಂಡ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯಲ್ಲಿ ಡಾ. ಪುಷ್ಕರನಾಥ್ ಮತ್ತು ಅವರ ಸಹೋದ್ಯೋಗಿಗಳು ಉತ್ತರದ ಬಯಲು ಸೀಮೆಯಲ್ಲಿ ಸಸ್ಯಹೇನು ಯಾವ ತಿಂಗಳಲ್ಲಿ ಎಷ್ಟಿರುತ್ತದೆ ಎಂಬುದನ್ನು ಗಮನಿಸಿದರು. ಅಕ್ಟೋಬರಿನಲ್ಲಿ ಬಿತ್ತಿದ ಗಿಡಗಳಿಗೆ ಡಿಸೆಂಬರ್ ಕೊನೆಯವರೆಗೂ ಹೇನಿನ ಕಾಟ ಅತ್ಯಲ್ಪ. ನೂರು ಎಲೆಗಳಿಗೆ ಇಪ್ಪತ್ತು ಹೇನುಗಳ ಮಿತಿ ಮುಟ್ಟುವ ಮೊದಲೇ ಗಿಡದ ಮೇಲ್ಭಾಗವನ್ನು ಕತ್ತರಿಸಿಬಿಟ್ಟರೆ ನೆಲದೊಳಗಿನ ಗೆಡ್ಡೆಗೆ ನಂಜು ಇಳಿಯುವುದಿಲ್ಲ. ಇಲ್ಲಿ ಪಂಚಾಂಗವೇ ಔಷಧಿ! ಅದುವರೆಗೆ ಬೆಟ್ಟದ ತಂಪಿನಲ್ಲಿ ಮಾತ್ರ ಸಾಧ್ಯವೆಂದಿದ್ದ ಉತ್ತಮ ಬಿತ್ತನೆಯನ್ನು ಈ ವಿಧಾನವು ಬಯಲಿಗೂ ಇಳಿಸಿತು.

ಹಾಸನ ಜಿಲ್ಲೆಯ ರೈತರು ಪ್ರತಿವರ್ಷ ಪಂಜಾಬಿನ ಜಲಂಧರದ ಕಡೆಯಿಂದ ಬರುವ ಬಿತ್ತನೆ ಗೆಡ್ಡೆಗಾಗಿ ಕಾಯುವುದು ಈ ಕಾರಣದಿಂದಲೇ. ಆದರೆ ದೂರದಿಂದ ಬಂದ ಗೆಡ್ಡೆಗೆ ಬೆಲೆ ಹೆಚ್ಚು. ಖರ್ಚನ್ನು ಉಳಿಸಲು ಗೆಡ್ಡೆಯನ್ನು ಎರಡು ಮೂರು ಹೋಳು ಮಾಡಿ ಬಿತ್ತುವವರು ಅನೇಕರು. ಹೀಗೆ ಕೊಯ್ಯುವಾಗ ಒಂದು ರೋಗಗ್ರಸ್ತ ಗೆಡ್ಡೆಯನ್ನು ಸೀಳಿದ ಕತ್ತಿ ಮುಂದಿನ ಹತ್ತಾರು ಗೆಡ್ಡೆಗಳಿಗೆ ರೋಗವನ್ನು ಹಂಚುತ್ತದೆ. ಸಾಧ್ಯವಾದಷ್ಟು ಇಡಿಯ ಸಣ್ಣ ಗೆಡ್ಡೆಗಳನ್ನೇ ಬಿತ್ತುವುದು ಒಳಿತು. ಕೊಯ್ಯುವುದು ಅನಿವಾರ್ಯವಾದರೆ ಕತ್ತಿಯನ್ನು ಆಗಾಗ ಕ್ರಿಮಿನಾಶಕ ದ್ರಾವಣದಲ್ಲಿ ಅದ್ದಿ, ಹೋಳುಗಳ ಗಾಯ ನೆರಳಿನಲ್ಲಿ ಮಾಗಿದ ಬಳಿಕವೇ ಬಿತ್ತಬೇಕು. ಅಂಗಾಂಶ ಕೃಷಿಯ ತಾಯಿಗಿಡಗಳಿಂದ ಕುಡಿಗಳನ್ನು ಚಿವುಟಿ, ಬೇರು ಬರಿಸಿ, ರೋಗಮುಕ್ತ ಸಸಿಗಳಾಗಿ ನೆಟ್ಟು ಊರಿನಲ್ಲಿಯೇ ಬಿತ್ತನೆ ಗೆಡ್ಡೆ ಪಡೆಯುವ ಕ್ರಮವೂ ಹಾಸನದಲ್ಲಿ ಇತ್ತೀಚಿನ ವರ್ಷಗಳಲ್ಲಿ ಬಳಕೆಗೆ ಬಂದಿದೆ.

ಸೊರಗು ರೋಗ ಮತ್ತು ನೆಲದ ಸರದಿ

ಹಸಿರಾಗಿಯೇ ಇದ್ದ ಗಿಡ ಒಮ್ಮೆಲೇ ಬಾಡಿ ಮಲಗಿದರೆ ಅದು ದುಂಡಾಣುವಿನಿಂದ ಬರುವ ಸೊರಗು ರೋಗವಿರಬಹುದು. ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಡ. ಬಾಡಿದ ಗಿಡದ ಕಾಂಡವನ್ನು ಬುಡದಲ್ಲಿ ಕೊಯ್ದು, ಒಂದು ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮಾತ್ರ ಮುಳುಗುವಂತೆ ಹಿಡಿಯಬೇಕು. ಕೆಲವು ನಿಮಿಷಗಳಲ್ಲಿ ಹಾಲಿನಂತಹ ಎಳೆ ಕೆಳಗಿಳಿದರೆ ರೋಗ ಖಚಿತ.

ಈ ರೋಗಕ್ಕೆ ಸಿಂಪಡಿಸುವ ಮದ್ದು ಫಲ ಕೊಡದು. ದುಂಡಾಣು ಮಣ್ಣಿನಲ್ಲಿ ಬದುಕಿರುತ್ತದೆ. ಟೊಮೇಟೊ, ಬದನೆ, ಮೆಣಸಿನಕಾಯಿ ಮುಂತಾದ ಆಲೂಗೆಡ್ಡೆಯ ದಾಯಾದಿಗಳು ಅದಕ್ಕೆ ಆಶ್ರಯ. ಆದುದರಿಂದ ಆಲೂಗೆಡ್ಡೆಯ ಮೇಲೆ ಟೊಮೇಟೊ, ಟೊಮೇಟೊ ಮೇಲೆ ಮತ್ತೆ ಆಲೂಗೆಡ್ಡೆ ಹಾಕುವ ಹೊಲದಲ್ಲಿ ರೋಗ ಮನೆಮಾಡುತ್ತದೆ. ರಾಗಿ, ಜೋಳ, ಮುಸುಕಿನ ಜೋಳಗಳಿಗೆ ಈ ರೋಗ ತಗುಲುವುದಿಲ್ಲ. ಎರಡು ಮೂರು ವರ್ಷ ಇವುಗಳ ಸರದಿ ನಡೆದರೆ ನೆಲದಲ್ಲಿ ರೋಗದ ಬಲ ಕುಂದುತ್ತದೆ. ಹಿರಿಯರು ರಾಗಿಯನ್ನು ಬಿಡದೆ ಬೆಳೆಯುತ್ತಿದ್ದುದರ ಹಿಂದೆ ಹೊಟ್ಟೆಯ ಲೆಕ್ಕ ಮಾತ್ರವಲ್ಲ, ಹೊಲದ ಲೆಕ್ಕವೂ ಅಡಗಿತ್ತು. ಚೆನ್ನಾಗಿ ಕೊಳೆತ ಗೊಬ್ಬರ, ಬೇವಿನ ಹಿಂಡಿ ಹಾಗೂ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಮಣ್ಣಿಗೆ ಸೇರಿಸಿದರೆ ಗೆಡ್ಡೆಗೆ ಕಪ್ಪು ಹೊಪ್ಪಳೆ ತರುವ ಶಿಲೀಂಧ್ರಗಳಿಗೂ ಕಡಿವಾಣ ಬೀಳುತ್ತದೆ.

ಕಳೆ ಕೀಳುವ ಒಂದು ಕೆಲಸ, ನಾಲ್ಕು ಫಲ

ಬಿತ್ತಿದ ಮೊದಲ ನಾಲ್ಕರಿಂದ ಆರು ವಾರಗಳು ಕಳೆಯ ದೃಷ್ಟಿಯಿಂದ ನಿರ್ಣಾಯಕ. ಆ ಬಳಿಕ ಆಲೂಗೆಡ್ಡೆಯ ಎಲೆಗಳೇ ಹರಡಿ ನೆಲವನ್ನು ಮುಚ್ಚುವುದರಿಂದ ಕಳೆಗೆ ಬಿಸಿಲು ದೊರೆಯದು. ಈ ಅಲ್ಪಾವಧಿಗಾಗಿ ಕಳೆನಾಶಕವನ್ನು ಹೊಡೆಯುವ ಅಭ್ಯಾಸ ಇಂದು ಬೆಳೆದಿದೆ. ಅವುಗಳ ಪೈಕಿ ಪ್ಯಾರಾಕ್ವಾಟ್ ಎಂಬುದು ಒಂದೆರಡು ಗುಟುಕು ಒಳಹೋದರೂ ಶ್ವಾಸಕೋಶವನ್ನು ನಾಶಪಡಿಸುವಂತಹದು. ಅದಕ್ಕೆ ಪ್ರತಿವಿಷವಿಲ್ಲ. ಅನೇಕ ದೇಶಗಳು ಅದನ್ನು ನಿಷೇಧಿಸಿವೆ.

ಬಿತ್ತಿದ 25-30 ದಿನಗಳಲ್ಲಿ ಎಡೆಕುಂಟೆ ಹಾಯಿಸಿ, ಕಳೆ ತೆಗೆದು, ಸಾಲುಗಳಿಗೆ ಮಣ್ಣು ಏರಿಸುವುದು ಇದಕ್ಕೆ ಪರ್ಯಾಯ. ಈ ಒಂದೇ ಕೆಲಸದಿಂದ ನಾಲ್ಕು ಪ್ರಯೋಜನಗಳಿವೆ. ಮೊದಲನೆಯದಾಗಿ, ಕಳೆ ನಾಶವಾಗುತ್ತದೆ. ಎರಡನೆಯದಾಗಿ, ದಪ್ಪನಾದ ಮಣ್ಣಿನ ಹೊದಿಕೆಯಿಂದ ಪತಂಗಕ್ಕೆ ಗೆಡ್ಡೆಯ ಮೇಲೆ ಮೊಟ್ಟೆಯಿಡಲು ದಾರಿ ಸಿಗುವುದಿಲ್ಲ. ಮೂರನೆಯದಾಗಿ, ಎಲೆಯ ಮೇಲಿನ ಅಂಗಮಾರಿಯ ಬೀಜಾಣುಗಳು ಮಳೆನೀರಿನೊಡನೆ ಗೆಡ್ಡೆಯವರೆಗೆ ಇಳಿಯಲಾರವು. ನಾಲ್ಕನೆಯದಾಗಿ, ಗೆಡ್ಡೆಗೆ ಬಿಸಿಲು ತಾಗಿ ಹಸಿರಾಗುವುದು ತಪ್ಪುತ್ತದೆ. ಡಬ್ಬಿಯಲ್ಲಿ ದೊರೆಯುವ ಯಾವ ರಾಸಾಯನಿಕವೂ ಈ ನಾಲ್ಕನ್ನೂ ಏಕಕಾಲಕ್ಕೆ ಮಾಡಲಾರದು.

ಗೆಡ್ಡೆ ಕೊರೆಯುವ ಪತಂಗ

ಮುಂಬಯಿಯ ಗೃಹಿಣಿಯರು ಈ ಕೀಟವನ್ನು ಕಾಣದೆಯೇ ಬಲ್ಲರು. ಪೇಟೆಯಿಂದ ತಂದ ಆಲೂಗೆಡ್ಡೆಯ ಕಣ್ಣಿನ ಬಳಿ ಕಪ್ಪಗಿನ ಪುಡಿಯಂತಹ ಹಿಕ್ಕೆ, ಕೊಯ್ದರೆ ಒಳಗೆ ಸುರಂಗ: ಇದು ಈ ಪತಂಗದ ಮರಿಹುಳುವಿನ ಕೈಚಳಕ. ಹೊಲದಲ್ಲಿ ತೊಡಗಿದ ಬಾಧೆ ಉಗ್ರಾಣದಲ್ಲಿ ಬೆಚ್ಚಗಿನ ಹವೆ ದೊರೆತೊಡನೆ ಹಲವು ಪಟ್ಟು ಹೆಚ್ಚುತ್ತದೆ. ಹೀಗಾಗಿ ಹಿಂದೆ ತಿನ್ನುವ ಗೆಡ್ಡೆಗೇ ಕೀಟನಾಶಕದ ಪುಡಿಯನ್ನು ಎರಚುವ ಅಪಾಯಕಾರಿ ಪದ್ಧತಿಯೂ ಕೆಲವೆಡೆ ಇತ್ತು.

ಇದರ ನಿವಾರಣೆಗೆ ನಿರಪಾಯಕರ ಉಪಾಯಗಳು ಹಲವಿವೆ. ಬಿತ್ತನೆಯನ್ನು ಸುಮಾರು ನಾಲ್ಕಂಗುಲ ಆಳಕ್ಕೆ ಇಳಿಸಬೇಕು. ನೆಲ ಬಿರುಕು ಬಿಡದಂತೆ ನೀರು ಹಾಯಿಸಬೇಕು. ಅಗೆದ ಗೆಡ್ಡೆಯನ್ನು ರಾತ್ರಿ ಹೊಲದಲ್ಲಿ ಬಿಡಬಾರದು. ಪತಂಗ ಮೊಟ್ಟೆಯಿಡುವುದು ಕತ್ತಲಾದ ಮೇಲೆಯೇ. ಶೀತಗೃಹವಿಲ್ಲದ ಕಡೆ ಆರಿಸಿದ ಗೆಡ್ಡೆಯ ರಾಶಿಯ ಕೆಳಗೂ ಮೇಲೂ ಒಣಗಿಸಿದ ಲಂಟಾನ, ನೀಲಗಿರಿ ಅಥವಾ ಬೇವಿನ ಎಲೆಗಳನ್ನು ಎರಡಂಗುಲದಷ್ಟು ಹರಡಬೇಕು. ಬೇಲಿಯ ಪೀಡೆಯೆನಿಸಿದ ಲಂಟಾನ ಇಲ್ಲಿ ಕಾವಲುಗಾರನಾಗುತ್ತದೆ. ಹೆಣ್ಣು ಪತಂಗದ ವಾಸನೆಯನ್ನು ಅನುಕರಿಸುವ ಮೋಹಕ ಬಲೆಗಳನ್ನಿಟ್ಟು ಗಂಡು ಪತಂಗಗಳನ್ನು ಹಿಡಿಯುವುದೂ ಉಂಟು.

ಇನ್ನೊಂದು ಉಪಾಯ ವೈರಿಯ ವೈರಿಯನ್ನು ಕರೆತರುವುದು. ಈ ಪತಂಗದ ತವರು ದಕ್ಷಿಣ ಅಮೆರಿಕ. ಅಲ್ಲಿನ ಕೊಪಿಡೊಸೋಮಾ ಎಂಬ ಬಹು ಸಣ್ಣ ಕಣಜ ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆಯನ್ನಿಡುತ್ತದೆ. ಆ ಒಂದು ಮೊಟ್ಟೆ ಒಡೆದು ಒಡೆದು ಹಲವು ಹತ್ತು ಮರಿಗಳಾಗಿ, ಪತಂಗದ ಹುಳುವನ್ನು ಒಳಗಿನಿಂದಲೇ ತಿಂದು ಮುಗಿಸುತ್ತವೆ. 1957ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರವು ಇಂತಹ ಉಪಕಾರಿ ಕೀಟಗಳನ್ನು ದೇಶಕ್ಕೆ ತರಿಸಿ ಸಾಕುವ ವಿದ್ಯೆಗೆ ಅಡಿಪಾಯ ಹಾಕಿತು. ಇಂದು ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯು ಆ ಕೆಲಸವನ್ನು ಮುಂದುವರಿಸಿದೆ. ಮನಬಂದಂತೆ ವಿಷ ಸಿಂಪಡಿಸಿದಲ್ಲಿ ಮೊದಲು ಸಾಯುವುದು ಈ ಮಿತ್ರರೇ ಎಂಬುದನ್ನು ಮರೆಯಲಾಗದು.

ಕೊನೆ ಅಂಗಮಾರಿ: ನಿಜವಾದ ಪರೀಕ್ಷೆ

ಆಲೂಗೆಡ್ಡೆಯ ಶತ್ರುಗಳಲ್ಲಿ ಅತ್ಯಂತ ಭಯಂಕರವಾದುದು ಕೊನೆ ಅಂಗಮಾರಿ. 1845ರಲ್ಲಿ ಐರ್ಲೆಂಡಿಗೆ ಬಂದ ಈ ರೋಗ, ಒಂದೇ ತಳಿಯ ಆಲೂಗೆಡ್ಡೆಯನ್ನೇ ನೆಚ್ಚಿಕೊಂಡಿದ್ದ ಬಡ ರೈತರ ಅನ್ನವನ್ನು ಕೆಲವೇ ವಾರಗಳಲ್ಲಿ ಕೊಳೆಸಿತು. ಸುಮಾರು ಹತ್ತು ಲಕ್ಷ ಜನ ಹಸಿವು ಮತ್ತು ರೋಗಗಳಿಂದ ಸತ್ತರು. ಅಷ್ಟೇ ಸಂಖ್ಯೆಯ ಜನ ಊರು ಬಿಟ್ಟು ಸಮುದ್ರ ದಾಟಿದರು. ಬೆಳೆ ಕೈಕೊಟ್ಟಾಗ ಮನೆ ತೊರೆಯುವ ನೋವೇನೆಂಬುದು ಘಟ್ಟ ಇಳಿದು, ಹಡಗು ಹತ್ತಿ ಮುಂಬಯಿಗೆ ಬಂದವರ ಮನೆತನಗಳಿಗೆ ಅಪರಿಚಿತವಲ್ಲ.

ದೇಶದ ಬಹುಭಾಗದಲ್ಲಿ ಆಲೂಗೆಡ್ಡೆ ಚಳಿಗಾಲದ ಬೆಳೆ. ಹಾಸನದಲ್ಲಿ ಮಾತ್ರ ಅದು ಮುಖ್ಯವಾಗಿ ಮುಂಗಾರಿನ ಬೆಳೆ. ಮೇ-ಜೂನ್‌ನಲ್ಲಿ ಬಿತ್ತಿದ ಗಿಡಕ್ಕೆ ಜುಲೈ-ಆಗಸ್ಟಿನ ಮೋಡ, ತುಂತುರು, ತಂಪು ಎಲ್ಲವೂ ಎದುರಾಗುತ್ತವೆ. ಅಂಗಮಾರಿಗೆ ಇದೇ ಹಬ್ಬದ ಕಾಲ. ಎಲೆಯ ಅಂಚಿನಲ್ಲಿ ನೀರು ತೊಯ್ದಂತಹ ಕಲೆ, ಬೆಳಗಿನ ಹೊತ್ತು ಎಲೆಯ ತಳದಲ್ಲಿ ಬಿಳಿಯ ಬೂಷ್ಟು, ಬಳಿಕ ಕಪ್ಪಾಗಿ ಕೊಳೆತ ವಾಸನೆ: ಇವು ಲಕ್ಷಣಗಳು. ಹವೆ ಒದಗಿದರೆ ಒಂದು ವಾರ ಹತ್ತು ದಿನಗಳಲ್ಲಿ ಹೊಲವೇ ಸುಟ್ಟಂತಾಗುತ್ತದೆ. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ತಳಿ ಈ ರೋಗವನ್ನು ಎದುರಿಸುವ ಗುಣದಿಂದಲೇ ಹೆಸರಾಗಿತ್ತು. ದಶಕಗಳ ಕಾಲ ಅದೊಂದನ್ನೇ ಬಿತ್ತಿದಾಗ ರೋಗಾಣು ಮಾರ್ಪಾಡು ಹೊಂದಿ ಆ ಕೋಟೆಯನ್ನು ಭೇದಿಸಿತು. ಮತ್ತೆ ಮತ್ತೆ ನಷ್ಟವುಂಡ ಹಾಸನದ ರೈತರನೇಕರು ಆಲೂಗೆಡ್ಡೆಯನ್ನೇ ಬಿಟ್ಟು ಮುಸುಕಿನ ಜೋಳ, ಶುಂಠಿಗಳತ್ತ ಹೊರಳಿದರು. ಐರ್ಲೆಂಡಿನ ಪಾಠವೇ ಇಲ್ಲಿಯೂ ಇದೆ: ಒಂದೇ ತಳಿಯನ್ನು ನೆಚ್ಚಬಾರದು. 2006ರಲ್ಲಿ ಬಂದ ಕುಫ್ರಿ ಹಿಮಾಲಿನಿಯಂತಹ ತಳಿಗಳನ್ನು ಬೆರೆಸಿ ಬೆಳೆಯುವುದು ವಿವೇಕ.

ಇಲ್ಲಿ ಸತ್ಯವನ್ನು ಮುಚ್ಚಿಡಲಾಗದು. ಮಳೆಗಾಲದ ಅಂಗಮಾರಿಯನ್ನು ಯಾವ ಸಿಂಪಡಣೆಯೂ ಇಲ್ಲದೆ ಗೆಲ್ಲುವುದು ಬಹು ಕಠಿಣ. ಆದರೆ ಏನನ್ನು, ಎಂದು, ಎಷ್ಟು ಸಿಂಪಡಿಸಬೇಕೆಂಬ ವಿವೇಚನೆ ರೈತನ ಕೈಯಲ್ಲಿದೆ. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ 1885ರಲ್ಲಿ ಮಿಲಾರ್ಡೆ ಪ್ರಕಟಿಸಿದ ಬೋರ್ಡೋ ದ್ರಾವಣವನ್ನು ಕರ್ನಾಟಕದ ಅಡಕೆ ಬೆಳೆಗಾರರು ಚೆನ್ನಾಗಿ ಬಲ್ಲರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಕೆಯ ಕೊಳೆರೋಗಕ್ಕೆ ಇದನ್ನು ಬಳಸುವುದನ್ನು ಕಲಿಸಿದರು. ಮುಂಗಾರಿಗೆ ಮೊದಲು ಗೊನೆಗೆ ‘ಮದ್ದು ಬಿಡುವ’ ಪದ್ಧತಿಯ ಮೂಲ ಇಲ್ಲಿದೆ. ಕೊಳೆರೋಗ ಮತ್ತು ಆಲೂಗೆಡ್ಡೆಯ ಅಂಗಮಾರಿ ಎರಡರ ರೋಗಾಣುಗಳೂ ಒಂದೇ ಕುಲಕ್ಕೆ ಸೇರಿದವು.

ನೂರು ಲೀಟರ್ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಟ್ಟ ಸುಣ್ಣ ಸಾಕು. ಎರಡನ್ನೂ ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಬೇರೆ ಬೇರೆಯಾಗಿ ನೀರಿನಲ್ಲಿ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಕಲಕುತ್ತ ಸುರಿಯಬೇಕು. ಹೊಳೆಯುವ ಚಾಕುವನ್ನು ಅದ್ದಿದಾಗ ಕೆಂಪು ಲೇಪ ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆಂದು ತಿಳಿಯಬೇಕು. ಅಂದು ಮಾಡಿದುದನ್ನು ಅಂದೇ ಬಳಸಬೇಕು. ಇದು ರೋಗ ತಗುಲುವ ಮೊದಲು ಎಲೆಯನ್ನು ಕಾಯುವ ಕವಚವೇ ಹೊರತು ತಗುಲಿದ ಮೇಲೆ ಗುಣಪಡಿಸುವ ಔಷಧಿಯಲ್ಲ. ತಾಮ್ರವೂ ಮಣ್ಣಿನಲ್ಲಿ ಕರಗಿ ಹೋಗದೆ ಶೇಖರವಾಗುವ ಲೋಹ. ಆದುದರಿಂದ ವಾರಕ್ಕೊಮ್ಮೆ ಕಣ್ಣುಮುಚ್ಚಿ ಸಿಂಪಡಿಸದೆ, ಹವಾಮಾನದ ಮುನ್ಸೂಚನೆಯನ್ನು ನೋಡಿ ಮೋಡ ಕವಿಯುವ ಮುನ್ನ ಸಿಂಪಡಿಸಬೇಕು. ಕೊಳೆತ ಗೆಡ್ಡೆಗಳ ತಿಪ್ಪೆಯನ್ನು ಹೂತುಬಿಡಬೇಕು. ರೋಗ ಕೈಮೀರಿದಾಗ ಗಿಡದ ಮೇಲ್ಭಾಗವನ್ನು ಕತ್ತರಿಸಿ ಹೊರಗೊಯ್ದು, ಸಿಪ್ಪೆ ಬಲಿಯಲು ಹತ್ತು ಹದಿನೈದು ದಿನ ಬಿಟ್ಟು ಅಗೆದರೆ ಗೆಡ್ಡೆಯಾದರೂ ಉಳಿಯುತ್ತದೆ.

ಅಡುಗೆಮನೆಯ ಎಚ್ಚರಿಕೆ

ಹೊಲದ ರಕ್ಷಣೆಯ ಕೊನೆಯ ಅಧ್ಯಾಯ ಅಡುಗೆಮನೆಯಲ್ಲಿದೆ. ಬೆಳಕಿಗೆ ಬಿದ್ದು ಹಸಿರಾದ, ಮೊಳಕೆ ಬಿಟ್ಟ ಅಥವಾ ಕಹಿಯೆನಿಸುವ ಗೆಡ್ಡೆಯಲ್ಲಿ ಸೊಲನೈನ್ ಎಂಬ ವಿಷಾಂಶ ಹೆಚ್ಚಿರುತ್ತದೆ. ಕುದಿಸಿದರೆ ಅದು ನಾಶವಾಗದು. ವಾಂತಿ, ಹೊಟ್ಟೆನೋವು, ಭೇದಿ ಉಂಟಾಗಬಹುದು. ಅಂತಹವನ್ನು ಬಿಸಾಡುವುದೇ ಲೇಸು. ಗೆಡ್ಡೆಯನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು ಸಿಪ್ಪೆ ತೆಗೆದರೆ ಮೇಲ್ಮೈಯ ಮಣ್ಣೂ ಔಷಧಿಯ ಶೇಷವೂ ಬಹುಮಟ್ಟಿಗೆ ಹೋಗುತ್ತವೆ. ಆದರೆ ಒಳಕ್ಕೆ ವ್ಯಾಪಿಸಿದ ವಿಷವನ್ನು ಯಾವ ನೀರೂ ತೊಳೆಯದು. ಚಾಳಿನ ಸಣ್ಣ ಕೋಣೆಯಲ್ಲಿಯೂ ಗೆಡ್ಡೆಯನ್ನು ಗಾಳಿಯಾಡುವ ಬುಟ್ಟಿಯಲ್ಲಿ, ಕತ್ತಲೆಯ ಮೂಲೆಯಲ್ಲಿ ಇಡಬಹುದು. ಅದರ ಬಳಿ ತಿಗಣೆ, ಜಿರಳೆಗಳ ಔಷಧಿಯನ್ನು ಎಂದೂ ಸಿಂಪಡಿಸಬಾರದು. ಬಿತ್ತನೆಗೆಂದು ಔಷಧಿ ಹಚ್ಚಿದ ಗೆಡ್ಡೆಯನ್ನು ಅಡುಗೆಗೆ ಬಳಸಬಾರದು.

ಉಪಸಂಹಾರ

ಪ್ಲೇಗಿನ ಕಾಲದಲ್ಲಿ ಪರೇಲು ಕಲಿಸಿದ ಪಾಠವನ್ನೇ ಹಾಸನದ ಹೊಲವೂ ಹೇಳುತ್ತದೆ. ಶುದ್ಧವಾದ ಬಿತ್ತನೆ, ಸರದಿಯ ಬೆಳೆ, ಸಕಾಲದ ಮಣ್ಣೇರಿಕೆ, ದಿನಕ್ಕೊಮ್ಮೆ ಹೊಲ ಸುತ್ತಿ ಎಲೆಯ ತಳವನ್ನು ನೋಡುವ ಕಣ್ಣು: ಇವು ಮೊದಲಿನವು. ಮಿತ್ರಕೀಟಗಳು, ಬಲೆಗಳು, ಬೇವು ಎರಡನೆಯವು. ಇವೆಲ್ಲ ಸಾಲದಾದಾಗ ಮಾತ್ರ, ಅನುಮತಿ ಪಡೆದ ಔಷಧಿಯನ್ನು ಹೇಳಿದ ಪ್ರಮಾಣದಲ್ಲಿ, ಕೈಚೀಲ ಮತ್ತು ಮುಖವಸ್ತ್ರ ಧರಿಸಿ, ಗಾಳಿಯ ದಿಕ್ಕನ್ನು ನೋಡಿ, ಕೊಯ್ಲಿಗೆ ಮೊದಲು ಬಿಡಬೇಕಾದ ದಿನಗಳನ್ನು ಬಿಟ್ಟು ಬಳಸಬೇಕು. ಈ ಕ್ರಮವನ್ನು ತಲೆಕೆಳಗು ಮಾಡಿದುದರ ಫಲವನ್ನು ನಾಡು ಸಾಕಷ್ಟು ಉಂಡಿದೆ.

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಅನೇಕರಿಗೆ ಊರಿನಲ್ಲಿ ಇಂದಿಗೂ ಹೊಲವಿದೆ, ಅದನ್ನು ನೋಡಿಕೊಳ್ಳುವ ಅಣ್ಣತಮ್ಮಂದಿರಿದ್ದಾರೆ. ರಜೆಯಲ್ಲಿ ಊರಿಗೆ ಹೋದಾಗ ಬೆಳೆ ಎಷ್ಟು ಬಂದಿತೆಂದು ಕೇಳುವುದರ ಜೊತೆಗೆ ಅದಕ್ಕೆ ಏನನ್ನು ಸಿಂಪಡಿಸಲಾಯಿತು, ಸಿಂಪಡಿಸಿದವನು ಏನನ್ನು ಧರಿಸಿದ್ದನು ಎಂದೂ ಕೇಳುವುದು ಕರ್ತವ್ಯ. ಬೆಳೆದವನು ಕ್ಷೇಮವಾಗಿದ್ದರೆ ಮಾತ್ರ ಉಂಡವನೂ ಕ್ಷೇಮ.